ಮಾಳಿಗೆ ಮಾಲೀಕನದು, ಸೀಲಿಂಗ್ ಯಾರದು?

ಮಳೆಗಾಲ ಇನ್ನೇನು ಬಂತು ಎನ್ನುವಾಗ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಾಡಿಗೆ ಅಂಗಡಿಗಳಲ್ಲಿ ಒಂದು ಮಾತುಕತೆ ನಡೆಯುತ್ತದೆ. ಊರು ಬೇರೆ, ಅಂಗಡಿ ಬೇರೆ, ಮಾತು ಮಾತ್ರ ಅದೇ.

"ಸಾವ್ಕಾರ್ರ, ಮ್ಯಾಲಿನ ಹಲಗಿ ಉದರಾಕ ಹತ್ಯಾವ್ರಿ."

"ಹೌದಾ? ಹೊಸಾವು ಹಾಕಿಸ್ಕೋ. ಈಗ ಎಲ್ಲಾರೂ ಹಾಕಿಸಾಕ ಹತ್ಯಾರಲ್ಲ, ಚಂದ ಕಾಣತೈತಿ."

"ರೊಕ್ಕ ಯಾರು ಕೊಡೋರ್ರಿ?"

"ಅಂಗಡಿ ಯಾರು ನಡಸ್ತಾರ?"

ಅಲ್ಲಿಗೆ ಮಾತು ಮುಗಿಯಿತು. ಬಾಡಿಗೆದಾರ ತಲೆ ಕೆರೆದುಕೊಂಡು ಸುಮ್ಮನಾಗುತ್ತಾನೆ. ವಾರದೊಳಗೆ ಆಟೋದಲ್ಲಿ ಹೊಸ ಹಲಗೆಗಳು ಬರುತ್ತವೆ. ಹಳೆಯವನ್ನು ಸುತ್ತಿಗೆಯಿಂದ ಬಡಿದು ಕೆಡವುತ್ತಾರೆ. ಅಂಗಡಿ ಹುಡುಗ ಪುಡಿಯನ್ನೆಲ್ಲ ಕಸಬರಿಗೆಯಿಂದ ಬಳಿದು ಹಿಂದಿನ ಚರಂಡಿಗೆ ಸುರಿಯುತ್ತಾನೆ. ಗಿರಾಕಿಗಳು ಮೇಲೆ ನೋಡಿ "ಅಂಗಡಿ ಹೊಸಾದಾತಲ್ಲೋ" ಎನ್ನುತ್ತಾರೆ. ಮಾಲೀಕ ಬಂದು ನೋಡಿ ಸಂತೋಷಪಟ್ಟು, ಮುಂದಿನ ವರ್ಷ ಬಾಡಿಗೆ ಸ್ವಲ್ಪ ಏರಿಸಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಹೋಗುತ್ತಾನೆ. ಈ ವ್ಯವಹಾರದಲ್ಲಿ ಕೈಬಿಟ್ಟದ್ದು ಯಾರ ರೊಕ್ಕ, ಉಳಿದದ್ದು ಯಾರ ರೊಕ್ಕ ಎಂದು ಕೇಳುವವರಿಲ್ಲ.

ಬರೀ ಹಲಗೆಯ ಮಾತಿಗೆ ಪತ್ರಿಕೆಯಲ್ಲಿ ಇಷ್ಟು ಜಾಗ ಯಾಕೆ ಎಂದು ಬಸ್ಸಿನಲ್ಲಿ ಕೂತು ಓದುವವರು ಕೇಳಬಹುದು. ಅವರೂ ಬಾಡಿಗೆದಾರರೇ. ಲಿಂಗಸುಗೂರಿನಲ್ಲಿ ಖೋಲಿ ಹಿಡಿದು ಹಟ್ಟಿ ಗಣಿಗೆ ಡ್ಯೂಟಿಗೆ ಹೋಗುವವರು, ಸಿಂಧನೂರಿನಲ್ಲಿ ಮನೆ ಮಾಡಿ ಮಸ್ಕಿ ಕಡೆಯ ಶಾಲೆಗೆ ಪಾಠ ಹೇಳಲು ಹೋಗುವ ಮಾಸ್ತರು, ಬ್ಯಾಂಕಿನವರು, ಕಾಲೇಜಿನ ಹುಡುಗರು. ಇವರ ತಲೆ ಮೇಲೂ ಬೇರೆಯವರ ಸೂರೇ. ರಾತ್ರಿ ಮಲಗಿದಾಗ ಮೇಲೆ ಕಾಣುವ ಕಂದು ಕಲೆ ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಿರುವುದನ್ನು ಅವರೂ ನೋಡುತ್ತಿದ್ದಾರೆ.

ಈ ಭಾಗದ ಸೂರಿಗೆ ಒಂದು ಚರಿತ್ರೆಯೇ ಇದೆ. ಹಿಂದೆ ಇದು ಮಣ್ಣಿನ ಮಾಳಿಗೆಯ ಸೀಮೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಮೇಲೆ ಒಂದು ಮೊಳ ಮಣ್ಣು. ಮಳೆಗಾಲಕ್ಕೆ ಮುಂಚೆ ಮನೆಯವರೇ ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿದು ಬರುತ್ತಿದ್ದರು. ಒಳಗೆ ಮಣ್ಣು ಉದುರಿ ಗಂಗಾಳಕ್ಕೆ ಬೀಳಬಾರದೆಂದು ಜಂತಿ ಕೆಳಗೆ ಹಳೆ ಧೋತರವನ್ನೋ, ತಾಟನ್ನೋ ಕಟ್ಟುತ್ತಿದ್ದರು. ನಮ್ಮ ಕಡೆಯ ಮೊದಲ ಸೀಲಿಂಗ್ ಅದೇ. ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಮಾಳಿಗೆ ಸೋರಿದರೆ ಬಟ್ಟೆ ಜೋತು ಬಿದ್ದು ತಾನೇ ಹೇಳಿಬಿಡುತ್ತಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದ ಮೇಲೆ ಕಥೆ ಬದಲಾಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಬಂದವು, ಗಿರಣಿಗೆ ಗೋದಾಮು, ಗೋದಾಮಿಗೆ ಹಮಾಲರು, ಹಮಾಲರಿಗೆ ಚಹಾ ಅಂಗಡಿ, ಚಹಾ ಅಂಗಡಿಯ ಪಕ್ಕಕ್ಕೆ ಗೊಬ್ಬರದ ಅಂಗಡಿ. ಇಷ್ಟೆಲ್ಲಕ್ಕೂ ತಲೆ ಮೇಲೆ ಏನಾದರೂ ಬೇಕಲ್ಲ? ಮಣ್ಣು ತುಳಿಯುತ್ತ ಕೂಡಲು ಯಾರಿಗೂ ಪುರಸೊತ್ತಿರಲಿಲ್ಲ. ತಗಡು ಬಂತು, ಸಿಮೆಂಟ್ ಶೀಟು ಬಂತು, ಶಹಾಬಾದಿ ಪರಸಿ ಬಂತು, ಕೊನೆಗೆ ಆರ್‌ಸಿಸಿ ಬಂತು. ಇವೆಲ್ಲವೂ ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತವೆ. ಮಣ್ಣಿನ ಮಾಳಿಗೆಗಿದ್ದ ತಂಪು ಇವಕ್ಕಿಲ್ಲ. ಆದ್ದರಿಂದ ಕೆಳಗೆ ಮತ್ತೊಂದು ಹಲಗೆ ಬಡಿಯುವುದು ಶುರುವಾಯಿತು. ಮೊದಲು ಸಿಮೆಂಟಿನ ತೆಳು ಹಲಗೆ, ಹಾರ್ಡ್‌ಬೋರ್ಡು; ಆಮೇಲೆ ಥರ್ಮೋಕೋಲು; ಈಗ ಜಿಪ್ಸಂ, ಪಿಒಪಿ, ಪಿವಿಸಿ.

ಇದಕ್ಕೆ ಪೇಟೆಯಲ್ಲಿ ಫಾಲ್ಸ್ ಸೀಲಿಂಗ್ ಎನ್ನುತ್ತಾರೆ. ಫಾಲ್ಸ್ ಅಂದರೆ ಸುಳ್ಳು. ಹೆಸರಿಟ್ಟವರು ಬಲು ಸರಿಯಾಗಿಯೇ ಇಟ್ಟಿದ್ದಾರೆ.

ಹಳೆ ಹಲಗೆ ಯಾಕೆ ಕೆಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಸೀಲಿಂಗ್ ಹಲಗೆಗೆ ಬಿಸಿಲಿಲ್ಲ, ಗಾಳಿಯಿಲ್ಲ, ಯಾರೂ ಅದರ ಮೇಲೆ ಹತ್ತಿ ಕುಣಿಯುವುದಿಲ್ಲ. ಅದು ತಾನಾಗಿ ಕೆಡುವುದು ಕಡಿಮೆ. ಬಹಳ ಸಲ ಕೆಡಿಸುವುದು ಮೇಲಿನಿಂದ ಇಳಿದ ನೀರು. ಶೀಟಿನ ಬೋಲ್ಟಿನ ತೂತಿನಿಂದ, ಪರಸಿಯ ಸಂದಿನಿಂದ, ಆರ್‌ಸಿಸಿಯ ಬಿರುಕಿನಿಂದ ಇಳಿದ ಹನಿ ಹಲಗೆಯ ಮೇಲೆ ನಿಂತು, ಅದನ್ನು ನೆನೆಸಿ, ಉಬ್ಬಿಸಿ, ಒಂದು ದಿನ ಕೆಳಗೆ ಕೆಡವುತ್ತದೆ. ಎರಡಡಿ ಉದ್ದಗಲದ ಜಿಪ್ಸಂ ಹಲಗೆ ಒಣಗಿದ್ದಾಗಲೇ ಎರಡು ಮೂರು ಕಿಲೋ ತೂಗುತ್ತದೆ. ನೀರು ಕುಡಿದರೆ ಇನ್ನೂ ಹೆಚ್ಚು. ಗಲ್ಲಾಪೆಟ್ಟಿಗೆ ಮುಂದೆ ಕೂತವನ ತಲೆ ಮೇಲೆ ಅದು ಬಿದ್ದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದ ಮೇಲೆ ಹಲಗೆ ಬದಲಿಸುವುದು ಎಂದರೆ ರೋಗ ಬಿಟ್ಟು ಅಂಗಿ ಬದಲಿಸಿದಂತೆ. ಮಾಳಿಗೆ ಸೋರುವುದು ಸೋರುತ್ತಲೇ ಇರುತ್ತದೆ. ಹೊಸ ಪಿವಿಸಿ ಹಲಗೆ ನೀರಿಗೆ ನೆನೆಯುವುದಿಲ್ಲವಾದ್ದರಿಂದ ಕಲೆ ಕೂಡ ಕಾಣುವುದಿಲ್ಲ. ಇದು ಇನ್ನೂ ಅಪಾಯ. ಆರ್‌ಸಿಸಿ ಒಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕೆಳಗಿನ ಸಿಮೆಂಟ್ ಪದರನ್ನು ಸಿಡಿಸಿ ಉದುರಿಸುತ್ತದೆ. ಸೀಲಿಂಗ್ ಇಲ್ಲದಿದ್ದರೆ ಇದು ಮೊದಲ ವರ್ಷವೇ ಕಣ್ಣಿಗೆ ಬೀಳುತ್ತಿತ್ತು. ಸೀಲಿಂಗ್ ಇದ್ದರೆ, ಒಂದು ಚಕ್ಕೆ ಹಲಗೆಯನ್ನೇ ಒಡೆದುಕೊಂಡು ಕೆಳಗೆ ಬಂದಾಗ ಗೊತ್ತಾಗುತ್ತದೆ.

ಅದಕ್ಕೇ ಅನುಭವಸ್ಥ ಗೌಂಡಿಗಳು ಹೇಳುವುದು, ಹೊಸ ಹಲಗೆ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ಎರಡು ಮಳೆ ನೋಡ್ರಿ ಅಂತ. ಒಣಗಿದ್ದರೆ ಹಾಕಿ. ಹನಿ ಬಿದ್ದರೆ ಮೊದಲು ಮಾಳಿಗೆ. ಕೋಲಿನಿಂದ ಮೆಲ್ಲಗೆ ಕುಟ್ಟಿ ನೋಡಿದಾಗ ಟೊಳ್ಳು ಸದ್ದು ಬಂದ ಕಡೆ ಸಿಮೆಂಟ್ ಬಿಟ್ಟಿದೆ ಎಂದು ತಿಳಿಯಬೇಕು. ಇದಕ್ಕೆ ಇಂಜಿನಿಯರ್ ಬೇಕೆಂದೇನೂ ಇಲ್ಲ. ಆದರೆ ವ್ಯಾಪಾರದವರಿಗೆ ಎರಡು ಮಳೆ ಕಾಯುವ ತಾಳ್ಮೆ ಎಲ್ಲಿದೆ? ಮದುವೆ ಸೀಜನ್ ಬಂದಿರುತ್ತದೆ, ಇಲ್ಲವೇ ಭತ್ತದ ರೊಕ್ಕ ಪೇಟೆಗೆ ಬಂದಿರುತ್ತದೆ.

ಈಗ ರೊಕ್ಕದ ಮಾತಿಗೆ ಬರೋಣ. ಮಾಲೀಕರು ಹೇಳುವುದು ಒಂದೇ: ಒಳಗಿನದ್ದೆಲ್ಲ ಬಾಡಿಗೆದಾರನದು. ಬಣ್ಣ, ಲೈಟು, ಕಪಾಟು ಎಲ್ಲ ಅವನೇ ಮಾಡಿಸಿಕೊಳ್ಳುತ್ತಾನೆ, ಸೀಲಿಂಗೂ ಅದೇ ಸಾಲಿಗೆ. ಈ ಮಾತು ಪೂರಾ ಸುಳ್ಳಲ್ಲ. ಚೆಂದಕ್ಕೆಂದು ಹಾಕಿಸಿದ ಸೀಲಿಂಗ್ ಬಾಡಿಗೆದಾರನ ಖರ್ಚೇ ಆಗಬೇಕು. ಬಂಗಾರದ ಅಂಗಡಿಯವರು ಹೂಬಳ್ಳಿ ಬಿಡಿಸಿ ನಾಲ್ಕು ಬಣ್ಣದ ದೀಪ ಹಾಕಿಸಿದರೆ ಅದನ್ನು ಮಾಲೀಕ ಯಾಕೆ ಕೊಡಬೇಕು? ಆದರೆ ಸೋರುವ ಮಾಳಿಗೆಯನ್ನು ಮುಚ್ಚಲು ಹಾಕಿಸುವ ಹಲಗೆ ಚೆಂದದ ಲೆಕ್ಕಕ್ಕೆ ಬರುವುದಿಲ್ಲ. ಅದು ಮಾಳಿಗೆ ರಿಪೇರಿಯ ಖರ್ಚು, ಬೇರೆ ಹೆಸರಿನಲ್ಲಿ ಬಾಡಿಗೆದಾರನ ಕಿಸೆಗೆ ಕೈ ಹಾಕಿದ ಖರ್ಚು.

ಕಾಯ್ದೆ ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆ ಬಾಡಿಗೆ ವ್ಯವಹಾರಕ್ಕೆ ಈಗಲೂ ತಳಪಾಯ. ಅದರ 108ನೇ ಕಲಮಿನಲ್ಲಿ ಒಂದು ಮಾತಿದೆ. ಮಾಲೀಕ ಮಾಡಿಸಿಕೊಡಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಕೇಳಲು ಬಹಳ ಚೆನ್ನಾಗಿದೆ. ಆದರೆ ಗಂಟು ಇರುವುದು ಆ ಮೊದಲ ಮಾತಿನಲ್ಲೇ: 'ಮಾಲೀಕ ಮಾಡಿಸಿಕೊಡಬೇಕಾದ' ರಿಪೇರಿ ಯಾವುದು? ಅದು ಕರಾರಿನಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಕೋರ್ಟಿನಲ್ಲಿ ಮಾಲೀಕ "ಹಂಗೇನೂ ಮಾತಾಗಿಲ್ರಿ" ಎಂದರೆ ಮುಗಿಯಿತು.

ಕರಾರು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಎಂದು ಅದೇ ಕಾಯ್ದೆಯ 107ನೇ ಕಲಮು ಹೇಳುವುದರಿಂದ, ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಛಾಪಾ ಕಾಗದದ ಅಂಗಡಿಯಲ್ಲಿ ಟೈಪು ಮಾಡಿಟ್ಟ ನಮೂನೆ ಇರುತ್ತದೆ. ಹೆಸರು, ಡಿಪಾಜಿಟ್ಟು, ಬಾಡಿಗೆ, ಇಷ್ಟು ತುಂಬಿ ಸಹಿ. 'ಬಾಡಿಗೆದಾರರು ಕಟ್ಟಡಕ್ಕೆ ಧಕ್ಕೆ ಮಾಡತಕ್ಕದ್ದಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಕಟ್ಟಡ ಬಾಡಿಗೆದಾರನಿಗೆ ಧಕ್ಕೆ ಮಾಡತಕ್ಕದ್ದಲ್ಲ ಎಂಬ ಸಾಲು ಮಾತ್ರ ಎಲ್ಲಿಯೂ ಕಾಣುವುದಿಲ್ಲ. 11 ತಿಂಗಳು ಮುಗಿದ ಮೇಲೆ ಎಷ್ಟೋ ಜನ ಮತ್ತೆ ಬರೆಸುವುದೇ ಇಲ್ಲ. ಬಾಡಿಗೆ ತಿಂಗಳಿಂದ ತಿಂಗಳಿಗೆ ಬಾಯಿಮಾತಿನಲ್ಲೇ ನಡೆಯುತ್ತದೆ. ಅಂಥ ತಿಂಗಳ ಬಾಡಿಗೆಯನ್ನು 15 ದಿನದ ನೋಟೀಸು ಕೊಟ್ಟು ಮುಗಿಸಬಹುದೆಂದು 106ನೇ ಕಲಮು ಹೇಳುತ್ತದೆ.

ಸೀಲಿಂಗಿಗೆ ಐವತ್ತು ಸಾವಿರ ಹಾಕಿದ ಬಟ್ಟೆ ಅಂಗಡಿಯವ ಒಬ್ಬನಿದ್ದಾನೆ ಅನ್ನೋಣ. ಸಾಲ ಮಾಡಿ ಹಾಕಿದ್ದಾನೆ. ದೀಪಾವಳಿ ವ್ಯಾಪಾರ ಆದ ಮೇಲೆ ತೀರಿಸುವ ಲೆಕ್ಕ. ದಸರಾ ಮುಗಿಯುತ್ತಿದ್ದಂತೆ ಮಾಲೀಕನ ಅಳಿಯನಿಗೆ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಡುವ ಮನಸ್ಸಾಗುತ್ತದೆ. ಹದಿನೈದು ದಿನ. ಐವತ್ತು ಸಾವಿರದ ಸೀಲಿಂಗ್ ಅಳಿಯನಿಗೆ ಉಡುಗೊರೆ.

ಇಲ್ಲಿಯೂ ಕಾಯ್ದೆಯಲ್ಲಿ ಒಂದು ದಾರಿ ಇದೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಬಾಡಿಗೆದಾರ ತಾನು ಜಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಬಾಡಿಗೆ ಮುಗಿದ ಮೇಲೂ, ಜಾಗ ತನ್ನ ಕೈಯಲ್ಲಿರುವ ತನಕ ಬಿಚ್ಚಬಹುದು. ಕೀಲಿಕೈ ಕೊಟ್ಟ ಮೇಲೆ ಹಕ್ಕಿಲ್ಲ. ಷರತ್ತು ಒಂದೇ, ಜಾಗ ಮೊದಲು ಹೇಗಿತ್ತೋ ಹಾಗೆ ಬಿಟ್ಟು ಹೋಗಬೇಕು. ಇದು ಗೊತ್ತಿದ್ದವರು ಸೀಲಿಂಗ್ ಆರಿಸುವಾಗಲೇ ಜಾಣತನ ಮಾಡುತ್ತಾರೆ. ಪಿಒಪಿ ಬಳಿಸಿದರೆ ಅದು ಗೋಡೆಗೆ ಸೇರಿದ್ದು, ಕಿತ್ತರೆ ಪುಡಿ. ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು ಮಾಡಿ ಎರಡಡಿ ಹಲಗೆ ಕೂಡಿಸಿದರೆ ಬಿಚ್ಚಿ ಟಂಟಂನಲ್ಲಿ ಹೇರಿಕೊಂಡು ಹೊಸ ಅಂಗಡಿಗೆ ಹೋಗಬಹುದು. ಸೋರಿಕೆ ನೋಡಬೇಕೆಂದರೆ ಒಂದು ಹಲಗೆ ಎತ್ತಿದರೆ ಸಾಕು. ಬಾಡಿಗೆ ಜಾಗಕ್ಕೆ ಬಿಚ್ಚಲು ಬರುವಂಥದ್ದೇ ಸರಿ. ಮೊದಲು ಹೇಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಹಳೆ ಹಲಗೆ ಇಳಿಸುವ ದಿನವೇ ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದು ಮಾಲೀಕನಿಗೆ ಕಳಿಸಿಟ್ಟರೆ ನಾಳೆ ತಕರಾರಿಲ್ಲ.

ಇನ್ನು ಬಾಡಿಗೆದಾರರ ರಕ್ಷಣೆಗೆಂದು ಇದ್ದ ರಾಜ್ಯದ ಕಾಯ್ದೆಯ ಕಥೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದು 14 ಚದರ ಮೀಟರಿಗಿಂತ ದೊಡ್ಡದಾದ ವ್ಯಾಪಾರದ ಜಾಗಗಳನ್ನು ಹೊರಗಿಟ್ಟಿತು. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಅಂದರೆ ಹತ್ತು ಹದಿನೈದರ ಒಂದು ಮಳಿಗೆ. ಗೋಡೆಯ ದಪ್ಪ ಲೆಕ್ಕಕ್ಕೆ ಹಿಡಿದರೆ ಅದೂ ದಾಟಿಬಿಡುತ್ತದೆ. ಪಾನ್ ಅಂಗಡಿ, ಚಪ್ಪಲಿ ಹೊಲೆಯುವ ಡಬ್ಬಿ ಬಿಟ್ಟರೆ ಬಜಾರಿನಲ್ಲಿ ಇನ್ನು ಯಾರು ಉಳಿದರು? ಉಳಿದವರಿಗೆಲ್ಲ ಕೈಯಲ್ಲಿರುವ ಕಾಗದವೇ ಕಾಯ್ದೆ.

ಆ ಕಾಗದದಲ್ಲಿ ಒಂದು ಸಾಲು ಬರೆಯಲು ಮಾಲೀಕರು ಯಾಕೆ ಹಿಂದೇಟು ಹಾಕುತ್ತಾರೋ ತಿಳಿಯದು. ಮಸ್ಕಿಯವರಾದರೂ ಈ ವಿಷಯದಲ್ಲಿ ಮುಂದಿರಬೇಕಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿದ್ದ ಶಾಸನ ಅವರ ಊರ ಗುಡ್ಡದಲ್ಲೇ ಇದೆ. ಅಲ್ಲಿಯತನಕ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು. ಬರೆಸಿದವನು ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತಿಗೆ ತನ್ನ ಹೆಸರು ಹಾಕಿ ಕಲ್ಲಿನಲ್ಲಿ ಕೊರೆಸಿದ. ಇಂದಿನ ನಮ್ಮ ಸಾವ್ಕಾರರಿಗೆ ಬಾಡಿಗೆ ರಸೀದಿಯ ಮೇಲೆ ಸಹಿ ಹಾಕಲು ಕೈ ನಡುಗುತ್ತದೆ.

ಬರೆಯಬೇಕಾದದ್ದು ಇಷ್ಟೇ: ಮಾಳಿಗೆ, ಗೋಡೆ, ಸೋರಿಕೆ ಮಾಲೀಕರ ಜವಾಬ್ದಾರಿ, ತಿಳಿಸಿದ ಇಂತಿಷ್ಟು ದಿನದೊಳಗೆ ಮಾಡಿಸಬೇಕು, ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದು, ಬಾಡಿಗೆದಾರ ಹಾಕಿಸಿದ ಸೀಲಿಂಗ್ ಅವನದು, ಬಿಚ್ಚಿಕೊಂಡು ಹೋಗಬಹುದು. ಟೈಪಿನವನಿಗೆ ಐದು ನಿಮಿಷದ ಕೆಲಸ.

ರೊಕ್ಕದ ಮಾತು ಹೀಗಾದರೆ, ಜೀವದ ಮಾತು ಬೇರೆ ಇದೆ.

ಹಳೆ ಸೀಲಿಂಗಿನ ಬೂದು ಬಣ್ಣದ ಸಿಮೆಂಟ್ ಹಲಗೆಗಳಲ್ಲಿ, ಮೇಲಿನ ಡೊಂಕು ಶೀಟುಗಳಲ್ಲಿ ಬಹುಪಾಲು ಆಸ್ಬೆಸ್ಟಾಸ್ ಬೆರೆತಿರುತ್ತದೆ. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಒಳ್ಳೆಯ ಹೆಸರಿದೆ, ಕಲ್ಲಿನ ನಾರು. ಗಟ್ಟಿಯಾಗಿ, ಒಡೆಯದೆ ಕೂತಿರುವ ತನಕ ಅದರಿಂದ ನಾರು ಏಳುವುದು ಕಡಿಮೆ. ಒಡೆದಾಗ, ಕೊರೆದಾಗ, ಕೆರೆದಾಗ ಕಣ್ಣಿಗೆ ಕಾಣದ ಸಣ್ಣ ನಾರು ಗಾಳಿಗೆ ಏಳುತ್ತವೆ. ಉಸಿರಿನ ಜೊತೆ ಒಳಗೆ ಹೋದವು ಹೊರಗೆ ಬರುವುದಿಲ್ಲ. ಪುಪ್ಪುಸದ ಕ್ಯಾನ್ಸರ್ ಮತ್ತು ಪುಪ್ಪುಸದ ಹೊದಿಕೆಯ ಕ್ಯಾನ್ಸರ್ ಇದರಿಂದ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಎಲ್ಲ ಜಾತಿಯ ಕಲ್ನಾರನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲಿಟ್ಟಿದೆ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ಮೇಲೆ. ಇವತ್ತು ಸಿಂಧನೂರಿನಲ್ಲಿ ಸುತ್ತಿಗೆ ಹಿಡಿದ ಹುಡುಗನಿಗೆ ಕೆಮ್ಮು ಶುರುವಾಗುವ ಹೊತ್ತಿಗೆ ಆ ಅಂಗಡಿಯೂ ಇರುವುದಿಲ್ಲ, ಮಾಲೀಕನೂ ಇರುವುದಿಲ್ಲ. ಯಾವ ಧೂಳಿನಿಂದ ಬಂತು ಎಂದು ಯಾರಿಗೂ ನೆನಪಿರುವುದಿಲ್ಲ.

ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ ಇದನ್ನು ಪೂರ್ತಿ ನಿಷೇಧಿಸಿದವು. ನಮ್ಮಲ್ಲಿ ಶೀಟು ಮಾರುವುದಕ್ಕೆ ಅಡ್ಡಿಯಿಲ್ಲ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟು, ಕಾರ್ಮಿಕನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದೂ ಆಜ್ಞೆ ಮಾಡಿತು. ಕಾರ್ಖಾನೆಯೊಳಗಿನವನಿಗೆ ನಲವತ್ತು ವರ್ಷದ ರಿಜಿಸ್ಟರು. ಅದೇ ಶೀಟನ್ನು ಬಜಾರಿನಲ್ಲಿ ಒಡೆಯುವ ಗೌಂಡಿಗೆ, ಪುಡಿ ಗುಡಿಸುವ ಹುಡುಗನಿಗೆ, ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುವವನಿಗೆ ನಲವತ್ತು ನಿಮಿಷದ ಲೆಕ್ಕವೂ ಇಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕೆಂದು ತಿಳಿದಿದ್ದಾರೆ. ಟವೆಲ್ಲಿನ ಎಳೆಗಳ ನಡುವೆ ಇಂಥ ನಾರು ಸಲೀಸಾಗಿ ದಾಟುತ್ತವೆ.

ಹೆದರಿ ಎಲ್ಲವನ್ನೂ ಕಿತ್ತೆಸೆಯಿರಿ ಎಂದು ಇಲ್ಲಿ ಹೇಳುತ್ತಿಲ್ಲ. ಕಿತ್ತೆಸೆಯುವ ಅವಸರವೇ ಇಲ್ಲಿ ಅಪಾಯ. ಹಲಗೆ ಗಟ್ಟಿಯಿದ್ದರೆ ಅದಕ್ಕೆ ಬಣ್ಣ ಬಳಿದು ಹಾಗೇ ಬಿಡಬಹುದು, ಕೆಳಗೆ ಬೇರೆ ಚೌಕಟ್ಟು ಹಾಕಬಹುದು. ಅದಕ್ಕೆ ಡ್ರಿಲ್ ಹಚ್ಚಬಾರದು, ಅಷ್ಟೆ. ತೆಗೆಯಲೇಬೇಕೆಂದರೆ ನೀರು ಸಿಂಪಡಿಸಿ ಹಸಿ ಮಾಡಿ, ಮೊಳೆ ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಸುತ್ತಿಗೆ ಬೇಡ. ಅಂಗಡಿ ಮುಚ್ಚಿದ ದಿನ, ಗಿರಾಕಿ ಇಲ್ಲದಾಗ, ಫ್ಯಾನು ಬಂದ್ ಮಾಡಿ, ಸಾಮಾನು ಹೊರಗಿಟ್ಟು ಈ ಕೆಲಸ ಮಾಡಬೇಕು. ಧೂಳಿನ ಕೆಲಸಕ್ಕೆಂದೇ ಇರುವ ಮಾಸ್ಕ್ ಔಷಧಿ ಅಂಗಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೊರೋನಾ ಕಾಲದಲ್ಲಿ ಎಲ್ಲರೂ ಹೆಸರು ಕಲಿತ ಎನ್-95ಕ್ಕಿಂತ ಕಡಿಮೆಯದು ಬೇಡ. ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸದೆ ಹಸಿ ಅರಿವೆಯಿಂದ ಒರೆಸಿ, ಅರಿವೆ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಹಲಗೆಯಲ್ಲಿ ಕಲ್ನಾರು ಇದೆಯೋ ಇಲ್ಲವೋ ಕಣ್ಣಿನಿಂದ ಹೇಳಲು ಬರುವುದಿಲ್ಲ. ಹಳೆಯ ಸಿಮೆಂಟ್ ಹಲಗೆಯಾದರೆ ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಇಳಿಸಿದ್ದನ್ನು ಎಲ್ಲಿ ಹಾಕಬೇಕು? ಈ ಪ್ರಶ್ನೆಗೆ ಅಂಗಡಿಯವರ ಬಳಿ ಉತ್ತರವಿಲ್ಲ. ಸದ್ಯಕ್ಕೆ ಚರಂಡಿ ಇದೆ, ಹಳ್ಳದ ದಂಡೆ ಇದೆ, ಊರ ಹೊರಗಿನ ರಸ್ತೆ ಬದಿ ಇದೆ. ಕಟ್ಟಡ ಕಟ್ಟುವ, ಕೆಡವುವ ಕಸಕ್ಕೆಂದೇ ಕೇಂದ್ರ ಸರಕಾರ 2016ರಲ್ಲಿ ನಿಯಮ ತಂದಿತ್ತು. ರಸ್ತೆಗೆ, ಚರಂಡಿಗೆ ಸುರಿಯಬಾರದು, ಬೇರ್ಪಡಿಸಿ ಕೊಡಬೇಕು ಎಂದು ಅದರಲ್ಲಿ ಇತ್ತು. ಕೊಡುವವನು ಬೇರ್ಪಡಿಸಿ ಕೊಟ್ಟರೆ ಒಯ್ಯುವವನು ಬೇರೆಯಾಗಿಯೇ ಒಯ್ಯಬೇಕಲ್ಲ? ಮನೆ ಕಸದ ಗಾಡಿಗೇ ಅದನ್ನೂ ಸುರಿದರೆ, ಕಟ್ಟಿದ ಚೀಲವನ್ನು ಒಡೆದಂತೆ.

ಹೊಸದಾಗಿ ಏನು ಹಾಕಬೇಕೆಂಬುದರಲ್ಲೂ ಒಂದೆರಡು ಮಾತು. ಅಗ್ಗವೆಂದು ಥರ್ಮೋಕೋಲು ಹಾಕುವವರು ಇನ್ನೂ ಇದ್ದಾರೆ. ಅದು ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವ ಸಾಮಾನು. ಬೆಂಕಿ ತಾಗಿದರೆ ಕರಗಿ ಉರಿಯುತ್ತ ಹನಿಹನಿಯಾಗಿ ಕೆಳಗೆ ಬೀಳುತ್ತದೆ, ಕರಿ ಹೊಗೆ ಕಕ್ಕುತ್ತದೆ. ಅದರ ಮೇಲೆಯೇ ಟೇಪು ಸುತ್ತಿದ ವಯರಿನ ಜೋಡಣೆ, ಆ ವಯರನ್ನು ಕಡಿಯುವ ಇಲಿ. ಕೆಳಗೆ ಸೀರೆ, ಪ್ಯಾಂಟು, ಪಟಾಕಿ, ಇಲ್ಲವೇ ಗ್ಯಾಸಿನ ಒಲೆ. ಪಿವಿಸಿ ತಾನಾಗಿ ಹತ್ತಿಕೊಂಡು ಉರಿಯುವುದು ಕಡಿಮೆಯಾದರೂ ಸುಟ್ಟರೆ ಅದರ ಹೊಗೆ ಗಂಟಲು ಹಿಡಿಯುವ ಆಮ್ಲದ ಹೊಗೆ. ಜಿಪ್ಸಂ ಬೆಂಕಿಗೆ ಗಟ್ಟಿ, ನೀರಿಗೆ ಮೆತ್ತಗೆ. ಅಂದರೆ ಮಾಳಿಗೆ ಸೋರದಿದ್ದರೆ ಮಾತ್ರ ಜಿಪ್ಸಂ. ಮತ್ತೆ ಮಾತು ಮಾಳಿಗೆಗೇ ಬಂತು. ಯಾವ ಹಲಗೆಯಾದರೂ ವಯರನ್ನು ಪೈಪಿನೊಳಗೆ ಹಾಕಿಸದೆ ಮೇಲೆ ಮುಚ್ಚಬಾರದು.

ಬರೀ ಸೆಕೆಗೆಂದು ಸೀಲಿಂಗ್ ಹಾಕಿಸುವವರು ಮೊದಲು ಮಾಳಿಗೆಯ ಮೇಲೆ ಸುಣ್ಣ ಬಳಿಸಿ ನೋಡಲಿ. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಒಳಗೆ ಕಾವು ಇಳಿಯುವುದು ಕಡಿಮೆಯಾಗುತ್ತದೆ. ಪಕ್ಕದ ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಮಾಳಿಗೆಗಳಿಗೆಂದೇ ಒಂದು ನೀತಿ ಹೊರಡಿಸಿತು. ಕೃಷ್ಣೆಯ ಆಚೆ ದಂಡೆಗೆ ಗೊತ್ತಾದದ್ದು ಈಚೆ ದಂಡೆಗೂ ಗೊತ್ತಾಗಬೇಕು. ಬಿಸಿಲಂತೂ ಎರಡೂ ಕಡೆ ಒಂದೇ. ಸೀಲಿಂಗಿನ ಖರ್ಚಿನ ಮುಂದೆ ಸುಣ್ಣದ ಖರ್ಚು ಏನೇನೂ ಅಲ್ಲ, ಮತ್ತು ಮಾಳಿಗೆ ಮಾಲೀಕನದಾದ್ದರಿಂದ ಸುಣ್ಣವೂ ಮಾಲೀಕನದೇ.

ಮಾಲೀಕರ ಪಕ್ಷವನ್ನೂ ಹೇಳಬೇಕು. ಎಲ್ಲ ಮಾಲೀಕರೂ ಸಾವ್ಕಾರರಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಮಳಿಗೆಯ ಬಾಡಿಗೆಯಲ್ಲೇ ಮನೆ ನಡೆಸುವ ಹೆಣ್ಣುಮಗಳು ಇದ್ದಾಳೆ. ಪಿಂಚಣಿ ರೊಕ್ಕ ಹಾಕಿ ಎರಡು ಖೋಲಿ ಕಟ್ಟಿದ ಮಾಸ್ತರು ಇದ್ದಾರೆ. ಹತ್ತು ವರ್ಷದಿಂದ ಬಾಡಿಗೆ ಏರಿಸಲು ಬಿಡದೆ ಕೂತ ಬಾಡಿಗೆದಾರರೂ ಇದ್ದಾರೆ. ಅಂಥ ಕಡೆ ಖರ್ಚನ್ನು ಅರ್ಧರ್ಧ ಮಾಡಿಕೊಂಡು, ಬಾಡಿಗೆದಾರ ಹಾಕಿದ ಪಾಲನ್ನು ತಿಂಗಳಿಗಿಷ್ಟು ಎಂದು ಬಾಡಿಗೆಯಲ್ಲಿ ಮುರಿದುಕೊಳ್ಳುವುದು ನ್ಯಾಯ. ಇಬ್ಬರೂ ಒಪ್ಪಿದ್ದನ್ನು ಬರೆದಿಟ್ಟುಕೊಂಡರೆ ಆಯಿತು. ಬಾಯಿಮಾತಿನ ಅರ್ಧರ್ಧ ಮೊದಲ ತಿಂಗಳಿಗೇ ಮರೆತುಹೋಗುತ್ತದೆ.

ಕೊನೆಗೆ ಊರಿನ ದೊಡ್ಡ ಮಾಲೀಕರ ಕಡೆ ಬರಬೇಕು. ಮಳಿಗೆ ಕಟ್ಟಿ ಹರಾಜು ಹಾಕಿ ಬಾಡಿಗೆ ಎತ್ತುವ ನಗರಸಭೆ, ಪುರಸಭೆಗಳೂ ಮಾಲೀಕರೇ. ಸಿಂಧನೂರಿನ ನಗರಸಭೆ, ಲಿಂಗಸುಗೂರು, ಮಸ್ಕಿಯ ಪುರಸಭೆಗಳು ಈ ಮಾತನ್ನು ತಮ್ಮಿಂದಲೇ ಶುರು ಮಾಡಬಹುದು. ಮುಂದಿನ ಹರಾಜಿನ ಷರತ್ತುಗಳಲ್ಲಿ ಮಾಳಿಗೆ ಸೋರಿದರೆ ಯಾರು, ಎಷ್ಟು ದಿನದಲ್ಲಿ ಮಾಡಿಸುತ್ತಾರೆ ಎಂದು ಬರೆಯಲಿ. ಮಳೆಗೆ ಮುಂಚೆ ಒಬ್ಬ ಇಂಜಿನಿಯರ್ ಏಣಿ ಹಾಕಿ ಎಲ್ಲ ಮಳಿಗೆಗಳ ಮೇಲೆ ಒಂದು ಸುತ್ತು ಹತ್ತಿ ಇಳಿಯಲಿ. ಒಡೆದ ಸಿಮೆಂಟ್ ಶೀಟು, ಹಲಗೆಗಳಿಗೆಂದೇ ತಿಂಗಳಿಗೆ ಒಂದು ದಿನ ಬೇರೆ ಗಾಡಿ ಕಳಿಸಲಿ. ಯಾವ ದಿನ ಎಂಬುದನ್ನು ಬಸ್ ಸ್ಟ್ಯಾಂಡಿನ ಗೋಡೆಗೆ ಎಲ್ಲರಿಗೂ ಕಾಣುವಂತೆ ಬರೆಸಲಿ. ಗಾಡಿಯ ಮೇಲೆ ನಿಲ್ಲುವ ಪೌರಕಾರ್ಮಿಕರಿಗೆ ಮೊದಲು ಮಾಸ್ಕ್ ಕೊಟ್ಟು, ಆಮೇಲೆ ಗಾಡಿ ಬಿಡಲಿ.